ಕಂಕುಳ ಕೆಳಗಿನ ಹಸಿರು ಚೌಕ

ಮೊನ್ನೆ ಹೊಲಿಗೆ ಮಿಷನ್ನಿನ ಡ್ರಾಯರನ್ನು ಬೋರಲು ಹಾಕಿ ಕೊಡವಿದೆ. ತುಕ್ಕು ಹಿಡಿದ ಬಾಬಿನ್ನುಗಳು, ಸವೆದ ಸೀಮೆಸುಣ್ಣದ ಬಿಲ್ಲೆ, ಮಿಷನ್ ಎಣ್ಣೆಯ ಕಮಟು. ಅವುಗಳ ನಡುವೆ ಅಂಗೈಗಿಂತ ಚಿಕ್ಕದಾದ ಒಂದು ಹಸಿರು ಬಟ್ಟೆಯ ಚೌಕ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಎದುರು ಮನೆಯಾಕೆ ಸತ್ತು ವರ್ಷ ದಾಟಿದೆ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡುವವರು ಬೇರೆ ಇದ್ದಾರೋ ಇಲ್ಲವೋ, ನಾನಂತೂ ಇದ್ದೇನೆ.

ನಮ್ಮದು ಆಂಧ್ರದ ಗಡಿಯಲ್ಲಿ, ರಾಯದುರ್ಗದಿಂದ ಗುಮ್ಮಘಟ್ಟಕ್ಕೆ ಹೋಗುವ ದಾರಿಯ ಊರು. ಪೇಟೆಯ ಅಂಗಡಿಗಳಿಂದ ಕತ್ತರಿಸಿದ ಬಟ್ಟೆಯ ಗಂಟು ಆಟೋದಲ್ಲಿ ಬರುತ್ತಿತ್ತು. ನಾವು ಮನೆಯಲ್ಲೇ ಹೊಲಿದು ಕಳಿಸುತ್ತಿದ್ದೆವು. ಆಕೆ ಪ್ಯಾಂಟಿಗೆ ಜೇಬು ಹಚ್ಚುತ್ತಿದ್ದಳು, ನಾನು ಸೊಂಟದ ಪಟ್ಟಿ. ಅದರ ಜೊತೆಗೆ ರವಿಕೆ ಹೊಲಿಯುವುದರಲ್ಲಿ ನನ್ನ ಕೈ ಎತ್ತಿದ ಕೈ. ಬೀದಿಯ ಹೆಂಗಸರೆಲ್ಲ ಅಳತೆ ಕೊಡುವ ನೆಪದಲ್ಲಿ ನಮ್ಮ ಜಗಲಿಯ ಮೇಲೆ ಕೂತು ಮನೆಯ ಸುದ್ದಿ ಬಿಚ್ಚುತ್ತಿದ್ದರು. ನನ್ನ ತವರು ಮಡಕಶಿರಾ ಕಡೆಯದು, ಹತ್ತನೇ ಕ್ಲಾಸು ಓದಿದವಳು. ತೆಲುಗು ನೋಟಿಸು ಓದಿ ಹೇಳಲು ನನ್ನನ್ನೇ ಕರೆಯುತ್ತಿದ್ದರು. ಆಕೆಗೆ ಸಹಿ ಮಾಡಲು ಬರುತ್ತಿತ್ತು, ಬಾಯಿ ತುಂಬ ನಗಲು ಬರುತ್ತಿತ್ತು, ಅಷ್ಟೇ...

ನಮ್ಮ ವಾರ್ಡು ಹೆಂಗಸರಿಗೆ ಮೀಸಲು ಎಂದು ಗೊತ್ತಾದಾಗ ಊರ ಹಿರಿಯರು ಮೊದಲು ಬಂದದ್ದು ನಮ್ಮ ಮನೆಗೆ. ಇದನ್ನು ಎಲ್ಲರೂ ಮರೆತಿದ್ದಾರೆ, ನಾನು ಮರೆತಿಲ್ಲ. ನಾನು ಒಳಗೆ ಚಹಾ ಸೋಸುತ್ತಿದ್ದೆ. "ಯಜಮಾನ್ರು ಅದಾರೇನ್ರಿ?" ಎಂದು ಕೇಳಿ ಒಳಗೆ ಬಂದು ಕೂತರು. ನಿಲ್ಲಬೇಕಾದವಳು ನಾನು, ಕೇಳಿದ್ದು ನನ್ನ ಗಂಡನನ್ನು. ಗಂಡ ಒಂದು ಗುಟುಕು ಚಹಾ ಕುಡಿದು, "ನಮ್ಮಾಕಿಗೆ ಅದೆಲ್ಲಾ ಯಾಕ ಬಿಡ್ರಿ, ಮಿಷನ್ ಕೆಲ್ಸ ಕೆಡ್ತೈತಿ" ಅಂದರು. ಹಿರಿಯರು ನನ್ನ ಚಹಾ ಮುಗಿಸಿ ಬೀದಿ ದಾಟಿ ಎದುರು ಮನೆಗೆ ಹೋದರು. ಅಲ್ಲಿ ಆಕೆಯ ಗಂಡ ಹೂಂ ಅಂದ. ಆಕೆಯನ್ನೂ ಯಾರೂ ಕೇಳಲಿಲ್ಲ. ಎದುರಾಳಿಯೇ ಇಲ್ಲದೆ ಆಕೆ ಪಂಚಾಯಿತಿ ಮೆಂಬರ್ ಆದಳು.

ಆಮೇಲೆ ನನ್ನ ಜಗಲಿ ಖಾಲಿಯಾಯಿತು. ಹೆಂಗಸರು ಅಳತೆ ಕೊಟ್ಟ ಕೂಡಲೇ ಎದ್ದು ಎದುರು ಮನೆಗೆ ನಡೆಯುತ್ತಿದ್ದರು. ಪಿಂಚಣಿ, ಬೀದಿ ದೀಪ, ಗಂಡನ ಕುಡಿತ, ಎಲ್ಲವೂ ಅಲ್ಲೇ. ಆಕೆ ಜೇಬು ಹಚ್ಚುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ನಾನು ಮಿಷನ್ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಆ ನಗು ಕೇಳಿ ನನ್ನ ಸೂಜಿ ಮುರಿದದ್ದೂ ಉಂಟು. ಮೀಟಿಂಗಿಗೆ ಹೊರಡುವಾಗ ಪೇಟೆಯಲ್ಲಿ ಹೊಲಿಸಿದ ಬಿಗಿ ತೋಳಿನ ರವಿಕೆ ಬೇರೆ! ಮೆಂಬರಮ್ಮನಿಗೆ ನಮ್ಮ ಬೀದಿಯ ಹೊಲಿಗೆ ಸಾಲದಾಯಿತು ಎಂದು ಕುದಿದುಹೋದೆ.

ಬೀದಿಯ ಕೊನೆಗೆ ನಮ್ಮೆಲ್ಲರ ನಲ್ಲಿ, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು. ಆ ಜಾಗದಲ್ಲಿ ಅಂಗಡಿಗಳನ್ನು ಕಟ್ಟಬೇಕು, ನಲ್ಲಿಯನ್ನು ದೊಡ್ಡ ರಸ್ತೆಯಾಚೆ ಹಾಕಬೇಕು ಎಂದು ಪಂಚಾಯಿತಿಯಲ್ಲಿ ಮಾತು ಬಂತು. "ಎವರಿಕೈನಾ ಅಭ್ಯಂತರಮಾ?" ಎಂದು ಕಾರ್ಯದರ್ಶಿ ತೆಲುಗಿನಲ್ಲಿ ಕೇಳಿದರಂತೆ, ಯಾರಿಗಾದರೂ ಅಭ್ಯಂತರ ಉಂಟೇ ಎಂದು. ಬೇಡ ಎನ್ನುವವರು ಕೈ ಎತ್ತಬೇಕು. ಆಕೆ ಎತ್ತಿದಳು. ಬಿಗಿ ತೋಳು ಕಂಕುಳಲ್ಲಿ ಹಿಡಿದು ಕೈ ಭುಜದ ತನಕ ಬಂದು ನಿಂತಿತು. ಮೆಂಬರಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದಾರೆಂದು ಗಂಡಸರೆಲ್ಲ ಮರ್ಯಾದೆಯಿಂದ ಮುಖ ಆಚೆ ತಿರುಗಿಸಿದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ವಿಷಯ ಶುರುವಾಗಿತ್ತು. ಯಾರದೂ ಅಭ್ಯಂತರವಿಲ್ಲ ಎಂದು ಬರೆದೂ ಆಗಿತ್ತು.

ಮರುದಿನ ಹಸಿರು ಬಟ್ಟೆ ಹಿಡಿದು ನನ್ನ ಜಗಲಿಗೆ ಬಂದಳು. "ಮಡಕಶಿರಾದಕ್ಕ, ಕೈ ಎತ್ತಾಕ ಬರೋ ರವಿಕಿ ಹೊಲಿದು ಕೊಡ್ರಿ. ಮುಂದಿನ ಮೀಟಿಂಗಿನಾಗ ನಲ್ಲಿ ಮಾತನ್ನ ಖಾಯಂ ಮಾಡ್ತಾರ."

"ಪೇಟೆ ಟೈಲರ್ ಹತ್ರಾನೇ ಹೋಗಮ್ಮ" ಅಂದೆ.

"ಅದು ನಮ್ಮನಿಯವ್ರು ಹೊಲಿಸಿ ತಂದಿದ್ದು. ಮೆಂಬರ್ ಹೆಂಡ್ತಿ ಹಂಗ ಇರ್ಬೇಕಂತ!" ಎಂದು ನಕ್ಕಳು. ಮೆಂಬರ್ ಯಾರು ಎನ್ನುವುದು ಆಕೆಯ ಗಂಡನಿಗೆ ಇನ್ನೂ ತಿಳಿದಿರಲಿಲ್ಲ. ನನಗೂ ನಗು ಬಂತು, ನುಂಗಿಕೊಂಡೆ.

ನನ್ನ ತವರಿನಲ್ಲಿ ತೋಟದ ಕೆಲಸದ ಹೆಂಗಸರ ರವಿಕೆಗೆ ಕಂಕುಳ ಕೆಳಗೆ ಒಂದೊಂದು ಚೌಕ ಸೇರಿಸುವುದು ವಾಡಿಕೆ. ಕೈ ಎಷ್ಟು ಮೇಲೆ ಹೋದರೂ ಬಟ್ಟೆ ಹಿಡಿಯುವುದಿಲ್ಲ. ಹಾಗೇ ಹೊಲಿದೆ. ಹೊಟ್ಟೆಕಿಚ್ಚಿಗೆ ಕೆಡಿಸಿದಳು ಎಂದು ಯಾರೂ ಆಡಿಕೊಳ್ಳಬಾರದಲ್ಲ, ಜೋಡಿ ಹೊಲಿಗೆ ಹಾಕಿದೆ. ಒಂದು ಚೌಕ ಹೆಚ್ಚಾಗಿ ಉಳಿಯಿತು...

ಮೀಟಿಂಗಿನ ದಿನ ಬೀದಿಯ ಹೆಂಗಸರು ಪಂಚಾಯಿತಿಯ ಕಿಟಕಿಗೆ ಮುತ್ತಿದರು. ನಾನೂ ಹೋದೆ, ನನ್ನ ಹೊಲಿಗೆ ನೋಡಲು. ಕಾರ್ಯದರ್ಶಿ ಕೇಳಿದ ಕೂಡಲೇ ಆಕೆಯ ಕೈ ನೆಟ್ಟಗೆ ಮೇಲೆ ಹೋಯಿತು. ಒಂದು ಎಳೆಯೂ ಜಗ್ಗಲಿಲ್ಲ. ಅಂದು ಆಕೆ ನಗಲಿಲ್ಲ. ಆಕೆಯ ಗಂಡ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟ. ಕೈ ಇಳಿಯಲಿಲ್ಲ. ಅದನ್ನು ನೋಡಿ ಇನ್ನಿಬ್ಬರು ಮೆಂಬರ್ ಹೆಂಗಸರು ಮೆಲ್ಲಗೆ ಕೈ ಎತ್ತಿದರು. ಅವರ ಹಿಂದೆ ಒಬ್ಬ ಗಂಡಸು. ಅಂಗಡಿಯ ಮಾತು ಅಲ್ಲಿಗೇ ನಿಂತಿತು. ಕಿಟಕಿಯಲ್ಲಿ ಉಳಿದವರೆಲ್ಲ ಕೂಗಿದರು. ಆ ಕೈಯನ್ನು ಎಲ್ಲರೂ ನೋಡಿದರು, ಹೊಲಿಗೆಯನ್ನು ಯಾರೂ ನೋಡಲಿಲ್ಲ. ಅಲ್ಲಿ ಎದ್ದದ್ದು ನನ್ನ ಕೈ ಆಗಬೇಕಿತ್ತು. ಮನೆಗೆ ಬಂದು ಅತ್ತುಬಿಟ್ಟೆ.

ನಲ್ಲಿ ಇವತ್ತಿಗೂ ಅಲ್ಲೇ ಇದೆ. ಅವಧಿ ಮುಗಿದ ಮೇಲೆ ಆಕೆಯನ್ನು ಮತ್ತೆ ನಿಲ್ಲು ಎಂದು ಯಾರೂ ಕರೆಯಲಿಲ್ಲ. ಜೇಬು ಹಚ್ಚುತ್ತಾ ಇದ್ದಳು, ಕಾಯಿಲೆ ಬಿದ್ದಳು, ಹೋದಳು. ಮನೆಯವರು ಬೀಗ ಹಾಕಿ ರಾಯದುರ್ಗ ಸೇರಿದರು. ಹೆಂಗಸರು ಈಗಲೂ ಕೊಡ ತುಂಬುವಾಗ ಆಕೆಯ ಮಾತೇ ಆಡುತ್ತಾರೆ. ಕೇಳಿದರೆ ನನಗೆ ಈಗಲೂ ಉರಿಯುತ್ತದೆ.

ವಾರ್ಡು ಮತ್ತೆ ಹೆಂಗಸರ ಪಾಲಿಗೆ ಬಂದಿದೆ. ನಿನ್ನೆ ಹಿರಿಯರು ಬಂದು ಅದೇ ಮಾತು ಕೇಳಿದರು, "ಯಜಮಾನ್ರು ಅದಾರೇನ್ರಿ?" ನನ್ನ ಗಂಡ ನನ್ನ ಮುಖ ನೋಡಿದರು. "ಆಕಿನ್ನ ಕೇಳ್ರಿ" ಅಂದರು. ಚಹಾ ಸೋಸುವುದನ್ನು ಬಿಟ್ಟು ಹೊರಗೆ ಬಂದು, "ನಿಂತ್ಕೋತೀನಿ" ಅಂದೆ.

ಅವರು ಹೋದ ಕೂಡಲೇ ಬಾಗಿಲಿಗೆ ಓಡಿದೆ, ಎದುರು ಮನೆಯಾಕೆಗೆ ಕೇಳಿಸಿತೋ ಇಲ್ಲವೋ ನೋಡಲು. ಬೀಗ ನೇತಾಡುತ್ತಿತ್ತು. ಇಷ್ಟು ವರ್ಷಕ್ಕೆ ನನ್ನ ಸರದಿ ಬಂದಿದೆ, ಹೊಟ್ಟೆ ಉರಿದುಕೊಳ್ಳಲು ಆಕೆಯೇ ಇಲ್ಲ... ಒಳಗೆ ಬಂದು ನನಗೊಂದು ರವಿಕೆ ಕತ್ತರಿಸಿದೆ. ಒಂದು ಕಂಕುಳಿಗೆ ಹಸಿರು ಚೌಕ ಇತ್ತು. ಇನ್ನೊಂದಕ್ಕೆ ಆ ಬಣ್ಣದ ಬಟ್ಟೆ ಹುಡುಕಿದೆ, ಸಿಗಲಿಲ್ಲ.