ಗೇರ್ ಸೈಕಲ್ಲಿನಲ್ಲಿ ಅಂತರಸಂತೆಗೆ

ಐವತ್ತರ ದಶಕದಲ್ಲಿ ಹುಣಸೂರಿನಲ್ಲಿ ಗೇರ್ ಇರುವ ಸೈಕಲ್ ನನ್ನದೊಂದೇ ಇತ್ತೆಂದು ಕಾಣುತ್ತದೆ. ಕೊಡಗಿನ ಯಾವುದೋ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದದ್ದು, ಕೈಯಿಂದ ಕೈಗೆ ದಾಟಿ ನನ್ನ ಪಾಲಿಗೆ ಬಂದಿತ್ತು. ಬಲಗೈ ಹಿಡಿಯ ಪಕ್ಕದಲ್ಲಿ ಬೆರಳುದ್ದದ ಒಂದು ಲಿವರ್, ಅದರಲ್ಲಿ ಮೂರು ಗೇರು. ಎಳೆದರೆ ಏರು ಹತ್ತುವುದು ಹಗುರ, ಬಿಟ್ಟರೆ ಇಳಿಜಾರಿನಲ್ಲಿ ಓಟ. ಶಾಲೆಯ ಹುಡುಗರು ನನ್ನನ್ನು ಗೇರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ನನಗೂ ಒಳಗೊಳಗೇ ಜಂಬವಿತ್ತು.

ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಾದ ಅಂತರಸಂತೆಗೆ ಹೋದವಳು, ಹೆಣ್ಣು ಮಗು ಹೆತ್ತು, ಆ ವಾರದಲ್ಲೇ ಜ್ವರ ಬಂದು ತೀರಿಕೊಂಡಳು. ಸುದ್ದಿ ಬಂದಾಗ ನಾನು ಕ್ಲಾಸಿನಲ್ಲಿ ಭೂಗೋಳ ಹೇಳುತ್ತಿದ್ದೆ. ಪಾಠ ಮುಗಿಸಿಯೇ ಹೊರಟೆ. ಮಣ್ಣು ಮಾಡುವಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಳು ಬರಲಿಲ್ಲ. ಪಾಪ, ದುಃಖ ನುಂಗಿಕೊಂಡಿದ್ದಾನೆ ಅಂದರು ಕೆಲವರು. ನುಂಗುವುದಕ್ಕೆ ನನ್ನೊಳಗೆ ಏನೂ ಇರಲಿಲ್ಲ. ಮಗುವನ್ನು ತಂದು ತೋರಿಸಿದರು, ನೋಡಿದೆ, ಊರಿಗೆ ಬಂದೆ. ಮಾರನೆಯ ವಾರ ಶಾಲೆಗೆ ಹೋದೆ.

ನಮ್ಮ ಕಡೆ ಐದನೆಯ ತಿಂಗಳಲ್ಲಿ ಗಂಡನ ಮನೆಯವರು ಹೋಗಿ ಬಾಣಂತಿಯನ್ನೂ ಮಗುವನ್ನೂ ಕರೆತರುವುದು ಪದ್ಧತಿ. ಬಾಣಂತಿಯೇ ಇಲ್ಲದ ಮೇಲೆ ಶಾಸ್ತ್ರ ಯಾರಿಗೆ ಎಂದು ನಾನು ಸುಮ್ಮನಿದ್ದೆ. ಅತ್ತೆ ಸುಮ್ಮನಿರಲಿಲ್ಲ. ಹುಣಸೂರಿನ ಸಂತೆಗೆ ಬಂದ ಅವರ ಊರಿನವರೊಬ್ಬರು ನಮ್ಮ ಜಗುಲಿಯಲ್ಲಿ ಕೂತು, ಅತ್ತೆಯ ಮಾತನ್ನು ಇದ್ದದ್ದು ಇದ್ದಂತೆ ಒಪ್ಪಿಸಿದರು: "ಐದು ತುಂಬೋದ್ರೊಳ್ಗೆ ಬಂದು ಕೂಸ್ನ ಕರ್ಕಂಡೋಗ್ಲಿ. ಬರ್ದಿದ್ರೆ ನನ್ ಮಗನ ಮಡ್ಲಿಗೆ ಆಕ್ಬುಡ್ತೀನಿ. ಆಮ್ಯಾಕೆ ನಾನಪ್ಪ ಅಂತ ಬಾಗ್ಲಿಗೆ ಬರ್ಬ್ಯಾಡಿ ಅಂತ ಏಳು."

ಅತ್ತೆಯ ಮಗ, ಅಂದರೆ ನನ್ನ ಬಾಮೈದನಿಗೆ ಮಕ್ಕಳಿರಲಿಲ್ಲ. ಒಳ್ಳೆಯ ಮನುಷ್ಯ, ಹೊಲ ಮನೆ ಎಲ್ಲ ಇತ್ತು. ಹಾಗೇ ಆದರೆ ಆಗಲಿ ಅನ್ನಿಸಿತು. ನನ್ನ ಅವ್ವ ಮಾತ್ರ ಒಳಗಿನಿಂದ ಬಂದವಳೇ, "ಓಗಿ ಬಾರ್ಲಾ ಮಗ. ನಾನಿನ್ನೂ ಗಟ್ಟಿಯಾಗಿವ್ನಿ, ಸಾಕ್ತೀನಿ" ಅಂದಳು.

"ಸೈಕಲ್ ಕೆಟ್ಟದೆ ಕಣವ್ವ. ಸರಿಮಾಡ್ಕಂಡು ಓಯ್ತೀನಿ" ಅಂದೆ.

ಸುಳ್ಳೇನಲ್ಲ. ಲಿವರಿನ ಒಳಗಿದ್ದ ಹಲ್ಲು ಸವೆದುಹೋಗಿತ್ತು. ಏರಿನಲ್ಲಿ ಒತ್ತಿ ತುಳಿಯುವ ಹೊತ್ತಿಗೇ ಜಾರಿ, ಗೇರು ಅಲ್ಲೂ ಇಲ್ಲದೆ ಇಲ್ಲೂ ಇಲ್ಲದೆ ನಡುವೆ ನಿಂತುಬಿಡುತ್ತಿತ್ತು. ಆಗ ಪೆಡಲು ಗಿರ್ರನೆ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಕೋಟೆ ಪಟ್ಟಣದ ಮೇಲೆ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯವರೆಗೆ ಬಸ್ಸಿತ್ತು. ಆದರೆ ಮದುವೆಯಾದಾಗಿನಿಂದ ಅತ್ತೆಯ ಮನೆಗೆ ಸೈಕಲ್ಲಿನಲ್ಲೇ ಹೋಗಿದ್ದವನು ನಾನು. ಬೇರೆ ರೀತಿಯಲ್ಲಿ ಹೋಗಬಹುದೆಂಬುದು ತಲೆಗೇ ಬರಲಿಲ್ಲ.

ಸೈಕಲ್ ಷಾಪಿನವನು ಲಿವರನ್ನು ಆಚೆ ಈಚೆ ಅಲ್ಲಾಡಿಸಿ ನಕ್ಕ. "ಇದ್ರ ಸಾಮಾನು ಇಲ್ಲೆಲ್ಲೂ ಸಿಕ್ಕಲ್ಲ ಕಣ್ರೀ ಮೇಷ್ಟ್ರೇ. ಗೇರು ಗೀರು ಎಲ್ಲ ಕಿತ್ತಾಕ್ಸಿ, ಮಾಮೂಲಿ ಚಕ್ರ ಆಕುಸ್ಕಳಿ" ಅಂದ. ನನಗೆ ರೇಗಿತು. ಹೆಂಡತಿ ಸತ್ತಾಗ ಬಾರದ ಸಿಟ್ಟು ಸೈಕಲ್ಲಿನ ವಿಷಯಕ್ಕೆ ಬಂತು. ಅಕ್ಕಸಾಲಿಯ ಹತ್ತಿರ ಹೋಗಿ ಸವೆದ ಹಲ್ಲಿಗೆ ಹಿತ್ತಾಳೆ ಬೆಸೆಸಿಕೊಂಡು ಬಂದೆ. ಶಾಲೆ ಮುಟ್ಟುವುದರೊಳಗೆ ಅದು ಕಿತ್ತುಬಂತು. ಇನ್ನೊಬ್ಬನ ಹತ್ತಿರ ಅರದಿಂದ ತೀಡಿಸಿದೆ, ಮೊದಲಿಗಿಂತ ಕೆಟ್ಟಿತು. ಕೊನೆಗೆ ಪಿರಿಯಾಪಟ್ಟಣದ ತಂಬಾಕು ಡಿಪೋದ ಗುಮಾಸ್ತರೊಬ್ಬರ ಹಿತ್ತಲಿನಲ್ಲಿ ಅದೇ ಜಾತಿಯ ಸೈಕಲ್ಲೊಂದು ತುಕ್ಕು ಹಿಡಿದು ಬಿದ್ದಿದೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋಗಿ, ಅವರನ್ನು ಕಾಡಿ ಬೇಡಿ ಆ ಲಿವರನ್ನು ಬಿಚ್ಚಿಕೊಂಡು ಬಂದೆ.

ಒಂದು ಭಾನುವಾರ ಇಡೀ ದಿನ ಅದನ್ನು ಕೂರಿಸುವುದೇ ಆಯಿತು. ಲಿವರನ್ನು ನಡುವಿನ ಗೇರಿನಲ್ಲಿಟ್ಟು, ಹಿಂದಿನ ಚಕ್ರದ ನಟ್ಟಿನಲ್ಲಿರುವ ಸಣ್ಣ ಕಿಂಡಿಯಲ್ಲಿ ಇಣುಕಿ ನೋಡಬೇಕು. ಒಳಗಿನ ಕಡ್ಡಿ ಅಚ್ಚಿನ ತುದಿಗೆ ಸರಿಸಮ ನಿಲ್ಲುವಂತೆ ಲಿವರಿನಿಂದ ಬರುವ ತಂತಿಯನ್ನು ಬಿಗಿ ಮಾಡಬೇಕು. ಕೂದಲೆಳೆ ಹೆಚ್ಚಾದರೂ ಜಾರುತ್ತದೆ. ನಾನು ಅಂಗಳದಲ್ಲಿ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ಆ ಕಿಂಡಿಯನ್ನು ನೋಡುತ್ತಲೇ ಇದ್ದೆ. ಅವ್ವ ಬಾಗಿಲಿಗೆ ಒರಗಿ ನನ್ನನ್ನು ನೋಡುತ್ತಲೇ ಇದ್ದಳು.

ಐದನೆಯ ತಿಂಗಳು ಮುಗಿಯುವ ಮುಂಚೆ, ಬೆಳಗಿನ ತಂಪಿನಲ್ಲೇ ಹೊರಟೆ. ಗೇರು ಒಂದು ಸಲವೂ ಕೈಕೊಡಲಿಲ್ಲ. ಕೋಟೆ ದಾಟಿ, ಹ್ಯಾಂಡ್‌ಪೋಸ್ಟಿನಲ್ಲಿ ಟೀ ಕುಡಿದು, ಕಾಡಿನ ಕಡೆಯ ಏರುಗಳನ್ನೆಲ್ಲ ಇಳಿಯದೆ ಹತ್ತಿದೆ. ಖುಷಿಯಾಯಿತು ಎಂದರೆ ಈಗ ಕೇಳುವವರು ನಗಬಹುದು. ಲಿವರ್ ಸರಿಹೋಯಿತಲ್ಲ ಎಂಬುದಷ್ಟೇ ತಲೆಯಲ್ಲಿತ್ತು.

ಅತ್ತೆಯ ಮನೆ ಸೇರಿದಾಗ ಬಾಮೈದನ ಹೆಂಡತಿ ಜಗುಲಿಯಲ್ಲಿ ಕೂತು ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು. ಅತ್ತೆ ಹೊರಗೆ ಬಂದು ನನ್ನನ್ನು ನೋಡಿದರು, ಸೈಕಲ್ಲನ್ನು ನೋಡಿದರು.

"ಸೈಕಲ್ಲಲ್ಲಿ ಬಂದ್ರಾ?"

"ಊಂ ಅತ್ತೆ. ಗೇರು ಸರಿಮಾಡ್ಕಂಡೆ. ಈಗ ಜಾರಲ್ಲ."

"ಕೂಸ್ನ ಎಲ್ಲಿ ಕೂರುಸ್ತೀರಿ? ಕ್ಯಾರಿಯರ್ ಮ್ಯಾಲಾ?"

ಇಷ್ಟು ದಿನ ಹಲ್ಲು, ತಂತಿ, ಕಿಂಡಿ ಎಂದು ಒದ್ದಾಡಿದವನಿಗೆ, ಐದು ತಿಂಗಳ ಮಗುವನ್ನು ಕರೆದುಕೊಂಡು ಹೋಗುವುದು ಹೇಗೆಂಬ ಯೋಚನೆ ಒಂದು ಗಳಿಗೆಯೂ ಬಂದಿರಲಿಲ್ಲ. ಅತ್ತೆಗೆ ಅದು ಅರ್ಥವಾಯಿತು. ಅವರಿಗೆ ಅರ್ಥವಾದದ್ದನ್ನು ಕಂಡು ನನಗೂ ಅರ್ಥವಾಯಿತು, ಹೆದರಿಕೆಯಾಯಿತು.

"ಬುಡವ್ವ" ಅಂದ ಬಾಮೈದ ಮೆಲ್ಲಗೆ. "ಬಾವ ನೋಡ್ಕಂಡ್ ಓಗೋಕೆ ಬಂದವ್ರೆ. ಕೂಸು ಇಲ್ಲೇ ಇರ್ಲಿ." ಅವನ ಹೆಂಡತಿ ತಲೆ ಎತ್ತಲಿಲ್ಲ.

"ಅದು ಅವ್ರ ಬಾಯಲ್ಲೇ ಬರ್ಲಿ" ಅಂದರು ಅತ್ತೆ.

"ಕರ್ಕಂಡ್ ಓಗೋಕೇ ಬಂದೆ" ಅಂದೆ. ಅದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

ಊಟವಾದ ಮೇಲೆ ಬಾಮೈದನೇ ಗಾಡಿ ಕಟ್ಟಿ, ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿದ. ಎತ್ತುಗಳ ಕಡೆ ತಿರುಗಿ ನಿಂತು ಬಹಳ ಹೊತ್ತು ಹಗ್ಗ ಸರಿಮಾಡಿದ. ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟೆ. ಹ್ಯಾಂಡ್‌ಪೋಸ್ಟಿನವರೆಗೆ ಗಾಡಿ, ಅಲ್ಲಿಂದ ಬಸ್ಸು ಎಂದಾಯಿತು. ನಾಲ್ಕು ದಿನ ಇದ್ದು ಬರಲು ಅತ್ತೆಯೂ ಹತ್ತಿದರು. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಒಂದು ಪೊಟ್ಟಣವನ್ನು ಹಿಡಿದುಕೊಂಡ ಹಾಗೆ ಹಿಡಿದುಕೊಂಡು ಕೂತೆ.

ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ತೊಡೆಯ ಮೇಲೆ ಬೆಚ್ಚಗೆ ಆಯಿತು. ಮಗು ಉಚ್ಚೆ ಹೊಯ್ದಿತ್ತು. ಪಂಚೆ ನೆನೆದು, ಬಿಸಿ ಮೊಣಕಾಲಿನವರೆಗೆ ಇಳಿಯಿತು. ಇಷ್ಟು ತಿಂಗಳು ಎಲ್ಲೋ ಇದ್ದ ಅಳು ಆಗ ಬಂತು, ತಡೆಯಲು ಆಗದ ಹಾಗೆ ಬಂತು.

"ಕೊಡಿ ಇಲ್ಲಿ, ಬಟ್ಟೆ ಬದ್ಲಾಯುಸ್ತೀನಿ" ಅಂದು ಅತ್ತೆ ಕೈ ಚಾಚಿದರು.

ಕೊಡಲು ನನ್ನಿಂದ ಆಗಲಿಲ್ಲ. ಹ್ಯಾಂಡ್‌ಪೋಸ್ಟ್ ಬರುವವರೆಗೆ ಒದ್ದೆಯಲ್ಲೇ ಕೂತಿದ್ದೆವು, ನಾನೂ ನನ್ನ ಮಗಳೂ.