ಊರಿಗೆ ಹೋದ ಎಂಬ ಮಾತು

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಣ್ಣ ಹೊಳೆನರಸೀಪುರದಿಂದ ದಿನಾ ಬಸ್ಸಲ್ಲಿ ಹಾಸನಕ್ಕೆ ಇಂಜಿನಿಯರಿಂಗ್ ಓದಲು ಹೋಗುತ್ತಿದ್ದ. ಒಂದು ದಿನ ಯಾರ ಹತ್ತಿರವೋ ಇಸಕೊಂಡು ಒಂದು ಜೆರಾಕ್ಸ್ ಪುಸ್ತಕ ತಂದ. ಆವತ್ತಿನಿಂದ ನಮ್ಮ ಮನೆಯ ಮಹಡಿಯಲ್ಲಿ ವಾರವಾರವೂ ಸಾವು. ಗಾಬರಿಯಾಗಬೇಡಿ, ಆಟದ ಸಾವು. ಒಬ್ಬ ಕಥೆ ಹೇಳಬೇಕು: ಇದು ಗುಹೆ, ಇಲ್ಲೊಂದು ಬಾಗಿಲು, ಒಳಗೆ ಏನೋ ಉಸಿರಾಡುತ್ತಿದೆ. ಉಳಿದವರು ಕತ್ತಿ ಹಿಡಿದ ಭಟರೋ ಮಂತ್ರವಾದಿಗಳೋ ಆಗಿ, ಏನು ಮಾಡುತ್ತೇವೆಂದು ಹೇಳಬೇಕು. ಏಟು ಬಿತ್ತೋ ಇಲ್ಲವೋ ಅನ್ನುವುದು ದಾಳಕ್ಕೆ ಬಿಟ್ಟಿದ್ದು. ಆಟಕ್ಕೆ ಹೊಸದಾಗಿ ಇಳಿದ ಭಟನಿಗೆ ನಾಲ್ಕೋ ಐದೋ ಅಂಕದಷ್ಟು ಜೀವ; ಒಂದು ಬಾಣ ನೆಟ್ಟಗೆ ಬಿದ್ದರೆ ಅಷ್ಟೂ ಖಾಲಿ. ಮಂತ್ರವಾದಿಯಂತೂ ಹೆಗ್ಗಣ ಕಚ್ಚಿದರೂ ಸಾಯುತ್ತಿದ್ದ. ಅಯ್ಯೋ ಪಾಪ ಅನ್ನುವ ಪದ್ಧತಿಯೇ ಆ ಪುಸ್ತಕದಲ್ಲಿರಲಿಲ್ಲ.

ಕಥೆ ಹೇಳುವವನು ಅಣ್ಣ. ಆಡುವವರು ಪಿಯುಸಿ ಓದುತ್ತಿದ್ದ ಅವನ ತಂಗಿ ನಾನು, ಮತ್ತು ಅವನ ಇಬ್ಬರು ಸಹಪಾಠಿಗಳು. ಒಬ್ಬ ಅರಕಲಗೂಡಿನವನು, ಇನ್ನೊಬ್ಬ ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿಯವನು. ಇಬ್ಬರೂ ಹಾಸನದಲ್ಲಿ ಒಂದೇ ರೂಮಿನಲ್ಲಿದ್ದರು, ಭಾನುವಾರ ಬೆಳಗ್ಗೆ ನಮ್ಮಲ್ಲಿಗೆ ಬರುತ್ತಿದ್ದರು.

ನನಗೋ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ದಾಳ ಉರುಳಿ ನಿಲ್ಲುವಷ್ಟರಲ್ಲಿ ಎದ್ದು ಒಂದು ಸುತ್ತು ಹಾಕಿ ಬಂದಿರುತ್ತಿದ್ದೆ. ದಂಡಿಗನಹಳ್ಳಿಯವನದೇ ಚಿಂತೆ. ಬಾಗಿಲು ಕಂಡರೆ ಸಾಕು, ಒದ್ದು ನುಗ್ಗುವವನೇ. ಮುಂಡೇದೇ, ಮೊದಲು ಕಿವಿಯಿಟ್ಟು ಕೇಳಬಾರದೇ ಅಂತ ಮನಸ್ಸಿನಲ್ಲೇ ಬೈಯುತ್ತಿದ್ದೆ. ಪದೇ ಪದೇ ಸಾಯುತ್ತಿದ್ದ, ನಗುತ್ತಾ ಇನ್ನೊಂದು ಹಾಳೆಯಲ್ಲಿ ಹೊಸ ಭಟನನ್ನು ಬರೆದುಕೊಳ್ಳುತ್ತಿದ್ದ. ಅದಕ್ಕೆ ಅಡ್ಡಿಯಿರಲಿಲ್ಲ. ಸತ್ತ ಭಟ ಮಾತ್ರ ವಾಪಸ್ ಬರುವಂತಿಲ್ಲ, ಅಷ್ಟೇ. ಆ ದಂಡಿಗನಹಳ್ಳಿಯವನ ಮೇಲೆ ನನಗೆ ಮನಸ್ಸಿತ್ತು. ನಮ್ಮದು ದೇವಸ್ಥಾನದ ಪೂಜೆಯವರ ಮನೆ, ಅವನು ಗೌಡರ ಹುಡುಗ. ಗೊತ್ತಾದರೆ ಅವನು ನಮ್ಮ ಮೆಟ್ಟಿಲು ಹತ್ತುವುದು ನಿಂತುಹೋಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದೆ.

ಕೆಳಗೆ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿಗೆ ಮೇಲಿನಿಂದ ಸತ್ತೆ, ನೀನೂ ಸತ್ತೆ ಅನ್ನುವುದು ಕೇಳಿ ಕೇಳಿ ರೇಗಿಹೋಯಿತು. ದೀಪ ಆರಿಸು ಅಂತ ಕೂಡ ಅನ್ನದ ಮನೆ ನಮ್ಮದು. ಮೆಟ್ಟಿಲ ಬುಡಕ್ಕೆ ಬಂದು, "ತುಂಬಿದ ಮನೇಲಿ ಅದೇನ್ರೋ ಮಾತು? ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಹಾಗೇ ಆಗ್ಲಿ ಅಂದ್ಬಿಟ್ರೆ ಏನ್ ಮಾಡ್ತೀರಿ?" ಅಂದರು. ಆಟ ನಿಲ್ಲುವ ಹಾಗಾಯಿತು. ಅರಕಲಗೂಡಿನವನೇ ದಾರಿ ಹುಡುಕಿದ: ಸತ್ತ ಅನ್ನೋದು ಬೇಡ, ಊರಿಗೋದ ಅನ್ನಾಣ. ಕೆಲವೇ ವಾರಗಳಲ್ಲಿ ಅದು ನಾಲಿಗೆಗೆ ಎಷ್ಟು ಹತ್ತಿತೆಂದರೆ, ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಊರಿಗೆ ಹೋಗಿದೆ ಮೇಡಂ ಅಂದು ಬೈಸಿಕೊಂಡೆ.

ಆ ಬೇಸಿಗೆಯಲ್ಲಿ ದಂಡಿಗನಹಳ್ಳಿಯವನಿಗೆ ಕಾಮಾಲೆಯಾಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ, ಕಣ್ಣೆಲ್ಲ ಹಳದಿ, ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂದ ಅಣ್ಣ. ಹೇಗಿದ್ದಾನೆ ಅಂತ ಮತ್ತೆ ಮತ್ತೆ ಕೇಳುವ ಹಾಗಿಲ್ಲ. ಭಾನುವಾರ ಆಟ ಇದೆಯಾ ಅಂತ ಮಾತ್ರ ಕೇಳಬಹುದಿತ್ತು. ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಬೀದಿಬಾಗಿಲಿಗೆ ತಿರುಗಿದ್ದೇ ತಿರುಗಿದ್ದು. ಕಾಲಿಗೆ ಚಕ್ರ ಕಟ್ಕೊಂಡಿದೀಯಾ ಅಂತ ಅಮ್ಮ ಗದರಿದರು.

ಶನಿವಾರ ಮಧ್ಯಾಹ್ನ ಫೋನು ಬಂತು. ನಾನೇ ಎತ್ತಿದೆ. ಆ ಕಡೆ ಅರಕಲಗೂಡಿನವನು, ಎಸ್‌ಟಿಡಿ ಬೂತಿನಿಂದ. ಬಸ್ಸುಗಳ ಗದ್ದಲದಲ್ಲಿ ಅವನ ಮಾತು ಅರ್ಧಂಬರ್ಧ ಕೇಳುತ್ತಿತ್ತು.

"ಅವ್ನು ಬೆಳಿಗ್ಗೆ ಊರಿಗೋದ ಕಣಮ್ಮ. ನಿಮ್ಮಣ್ಣಂಗೆ ಯೋಳ್ಬುಡು."

ಲೈನು ಕಟ್ಟಾಯಿತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಅವನ ಹೆಸರು ಹಿಡಿದು ಕಿರುಚಿದೆನಂತೆ, ನನ್ನನ್ನು ಬಿಟ್ಟು ಹೋದೆಯಲ್ಲೋ ಅಂತ ನೆಲಕ್ಕೆ ಬಿದ್ದು ಗೋಳಾಡಿದೆನಂತೆ. ಅಮ್ಮ, ಅಪ್ಪ, ಅಜ್ಜಿ ಸುತ್ತ ನಿಂತಿದ್ದರು. ಅಣ್ಣ ಆಸ್ಪತ್ರೆಗೇ ಫೋನು ಮಾಡಿದ. ಡಿಸ್ಚಾರ್ಜ್ ಆಗಿದೆ, ಅವರಪ್ಪ ಬಂದು ದಂಡಿಗನಹಳ್ಳಿಗೆ ಕರೆದುಕೊಂಡು ಹೋಗಿದ್ದಾರೆ ಅಂದರು. ನಿಜವಾಗಲೂ ಊರಿಗೇ ಹೋಗಿದ್ದ.

ಯಾರೂ ನಗಲಿಲ್ಲ. ಅಣ್ಣನ ಸ್ನೇಹಿತನಿಗೋಸ್ಕರ ಯಾವ ಹುಡುಗಿಯೂ ಹಾಗೆ ಅಳುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಎದ್ದು ಮುಖ ತೊಳ್ಕೋ ಅಂದರು ಅಜ್ಜಿ, ಅಷ್ಟೇ. ಅವನು ಬದುಕಿದ್ದಾನೆ ಅನ್ನುವ ಸಂತೋಷದಲ್ಲಿ ನಾನು ಮೂರ್ಖಳ ಹಾಗೆ ನಗುತ್ತಾ ಮುಖ ತೊಳೆದೆ. ಅಪ್ಪ ಅಣ್ಣನನ್ನು ಹಿತ್ತಿಲಿಗೆ ಕರೆದು ಮೆಲ್ಲಗೆ ಏನೋ ಹೇಳುತ್ತಿರುವುದು ಕಂಡಾಗಲೇ ನನ್ನ ಗುಟ್ಟು ಬಯಲಾಯಿತೆಂದು ಹೊಳೆದಿದ್ದು.

ಹುಷಾರಾದ ಮೇಲೆ ಅವನು ಬಂದ. ಬಡಕಲಾಗಿದ್ದ. ಮಹಡಿಯ ಬಾಗಿಲು ತೆಗೆದೇ ಇರಲಿ ಅಂತ ಅಮ್ಮ ಹೇಳಿದ್ದರು. ಅಣ್ಣ ನನ್ನ ಮುಖ ನೋಡುತ್ತಿರಲಿಲ್ಲ. ಅವತ್ತು ದಂಡಿಗನಹಳ್ಳಿಯವನ ಭಟ ಯಾವ ಬಾಗಿಲನ್ನೂ ಒದೆಯಲಿಲ್ಲ. ಕೋಲಿನಿಂದ ಒಂದೊಂದು ಕಲ್ಲನ್ನೂ ತಟ್ಟಿ ನೋಡಿ ಹೆಜ್ಜೆಯಿಟ್ಟ. ಆದರೂ ಅಣ್ಣ ಬಿಡಲಿಲ್ಲ. ಸೂರಿನಿಂದ ಬಾಣ, ಗೋಡೆಯಿಂದ ವಿಷದ ಹೊಗೆ, ಆಮೇಲೆ ಬಾಗಿಲಾಚೆ ಮಲಗಿದ್ದ ಘಟಸರ್ಪ. ನಾನು ಉಗುರು ಕಚ್ಚುತ್ತಾ ಕೂತಿದ್ದೆ. ದಾಳ ನಿಂತಿತು.

"ಸತ್ತೆ," ಅಂದ ಅಣ್ಣ.

ಅವನು ಹೊಸಬನಿಗೆಂದು ಹಾಳೆ ಎಳೆದುಕೊಂಡ. ಅಣ್ಣ ಅದರ ಮೇಲೆ ಕೈಯಿಟ್ಟ. "ಬೇಡ ಕಣೋ. ಇನ್ನು ಬೇಡ." ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯರು.

ದಂಡಿಗನಹಳ್ಳಿಯವನು ಅಣ್ಣನನ್ನು ನೋಡಿದ, ತೆಗೆದಿದ್ದ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ. "ಆಯ್ತು ಬುಡ್ಲಾ," ಅಂದು ಎದ್ದ. ಅರಕಲಗೂಡಿನವನೂ ಅವನ ಹಿಂದೆಯೇ ಇಳಿದುಹೋದ.

ಆಟ ಮುಗಿಸೋಣ, ನೀನೇನು ಮಾಡ್ತೀಯ ಅಂತ ಅಣ್ಣ ಕೇಳಿದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಘಟಸರ್ಪದ ಮುಂದೆ ಹೋಗಿ ನಿಲ್ಲುತ್ತೇನೆ, ದಾಳ ಹಾಕು ಅಂದೆ. ಅವನು ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತ.

"ನಿನ್ನ ಸಾಯಿಸಕ್ಕೆ ನನ್ನ ಕೈಲಾಗಲ್ಲ ಕಣೇ."

"ಅವನನ್ನ ಆಯ್ತಲ್ಲ," ಅಂದೆ.