ಡಯಾಲಿಸಿಸ್ ಬಿಡಲು ಹೆದರಿದ್ದು

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಶಾಲೆಗೆ ಹೊಸ ಶೌಚಾಲಯ ಬಂತು. ಮಕ್ಕಳು ಗಲೀಜು ಮಾಡುತ್ತಾರೆಂದು ಅದಕ್ಕೆ ಬೀಗ ಹಾಕಿ, ಅಧಿಕಾರಿಗಳು ಬಂದಾಗ ಮಾತ್ರ ತೆಗೆಸುತ್ತಿದ್ದೆ. ಒಂದು ದಿನ ಬೀಗದಕೈಯನ್ನು ಹೊಳಲ್ಕೆರೆಯ ಮನೆಯಲ್ಲೇ ಮರೆತು ಬಂದೆ. ಮಧ್ಯಾಹ್ನ ನಾನೇ ಬೇಲಿಯ ಮರೆಗೆ ಹೋಗಬೇಕಾಯಿತು. ಅಲ್ಲಿ ಮಲಗಿದ್ದ ಕೊಳಕುಮಂಡಲ ಹಾವು ಪಾದಕ್ಕೆ ಕಚ್ಚಿತು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ವಿಷಕ್ಕೆ ಇಂಜೆಕ್ಷನ್ ಕೊಟ್ಟು ಜೀವ ಉಳಿಸಿದರು. ಆದರೆ ಎರಡನೆಯ ದಿನಕ್ಕೆ ಮೂತ್ರ ನಿಂತುಹೋಯಿತು. ವಿಷದಿಂದ ಕಿಡ್ನಿಗಳಿಗೆ ಪೆಟ್ಟಾಗಿದೆ, ಡಯಾಲಿಸಿಸ್ ಬೇಕು ಎಂದರು ಡಾಕ್ಟರು. ನನ್ನ ಹಳೆಯ ಶಿಷ್ಯೆಯರ ವಯಸ್ಸಿನ ಹುಡುಗಿ. ನನ್ನ ಹೆಂಡತಿ ಆಕೆಗೆ ಕೈ ಮುಗಿದಳು.

"ಬ್ಯಾಡ ಮೇಡಂ. ಒಂದ್ಸಲ ಆ ಮಶೀನಿಗೆ ಹಾಕಿದ್ರೆ ಸಾಯೋತಂಕ ಬಿಡಂಗಿಲ್ಲ ಅಂತಾರೆ. ಔಷಧೀಲೇ ನೋಡ್ರಿ."

"ಇದು ಏಕಾಏಕಿ ಆದ ಪೆಟ್ಟಮ್ಮ. ಕಿಡ್ನಿ ಎದ್ದು ಕೂರೋ ತನಕ ಮಶೀನು ಅದರ ಕೆಲಸ ಮಾಡುತ್ತೆ. ಆಮೇಲೆ ಬಿಡಿಸ್ತೀನಿ."

ಹೆಂಡತಿ ನಂಬಲಿಲ್ಲ, ಆದರೆ ನನ್ನ ಮುಖ ಊದಿದ್ದು ನೋಡಿ ಸಹಿ ಹಾಕಿದಳು. ಕುತ್ತಿಗೆಗೆ ಒಂದು ನಳಿಗೆ ಹಾಕಿದರು. ದಿನ ಬಿಟ್ಟು ದಿನ ನಾಲ್ಕು ಗಂಟೆ ನನ್ನ ರಕ್ತ ಮಶೀನಿಗೆ ಹೋಗಿ ಶುದ್ಧವಾಗಿ ಬರುತ್ತಿತ್ತು.

ಪಕ್ಕದ ಹಾಸಿಗೆಯಲ್ಲಿ ದುರ್ಗದ ಒಬ್ಬ ಸಾಹೇಬರು, ತಗಡಿನ ಟ್ರಂಕು ಮಾಡುವವರು. ಅವರ ಎರಡೂ ಕಿಡ್ನಿ ಪೂರ್ತಿ ಹೋಗಿ ಆರು ವರ್ಷವಾಗಿತ್ತು. ನನ್ನ ಕಥೆ ಕೇಳಿ ನಕ್ಕರು. "ನಿಮ್ದು ಬಾಡಿಗೆ ಮನೆ ಮೇಷ್ಟ್ರೇ, ಖಾಲಿ ಮಾಡಿ ಹೋಗ್ತೀರಿ. ನಮ್ದು ಸ್ವಂತದ್ದು."

ನನ್ನ ಹಾಸಿಗೆಯ ಕೆಳಗೆ ಮೂತ್ರ ಅಳೆಯಲು ಗೆರೆ ಹಾಕಿದ ಪ್ಲಾಸ್ಟಿಕ್ ಜಾಡಿ ಇಟ್ಟಿದ್ದರು. ಮೂವತ್ತು ವರ್ಷ ಮಕ್ಕಳು ಕಿರುಬೆರಳೆತ್ತಿ "ಒಂದಕ್ಕೆ ಸಾರ್" ಎಂದಾಗಲೆಲ್ಲ "ಕೂತ್ಕೊಳ್ಳೋ, ಬೆಲ್ ಆಗ್ಲಿ" ಎಂದು ಗದರಿದವನು ನಾನು. ಈಗ ಇಡೀ ಬಂಧುಬಳಗ ನನ್ನ ಒಂದಕ್ಕೆ ಕಾದು ಕೂತಿತ್ತು. ಹಿರಿಯೂರಿನಿಂದ ನನ್ನ ಭಾವಮೈದ ದಿನಾ ಫೋನು ಮಾಡಿ, "ಭಾವ, ಇವತ್ತೆಷ್ಟು?" ಎನ್ನುತ್ತಿದ್ದ. ಫೋನು ಸಾಲದೆಂದು ಒಂದು ಚೀಲ ಎಳನೀರು ಹೊತ್ತು ಬಂದ. ಡಾಕ್ಟರು ಗಾಬರಿಯಾದರು. ಈ ಸ್ಥಿತಿಯಲ್ಲಿ ಎಳನೀರು ಕುಡಿದರೆ ಪೊಟ್ಯಾಶಿಯಂ ಏರಿ ಎದೆಬಡಿತವೇ ನಿಲ್ಲಬಹುದಂತೆ. ಅಷ್ಟನ್ನೂ ವಾರ್ಡಿನ ಸಿಬ್ಬಂದಿ ಕುಡಿದು ನನಗೆ ಒಳ್ಳೆಯದಾಗಲೆಂದು ಹರಸಿದರು.

ಮೂರನೆಯ ವಾರ ಜಾಡಿಯಲ್ಲಿ ಇನ್ನೂರು ಮಿಲಿ ಕಂಡಿತು. ಮರುದಿನ ನಾನೂರು, ಆಮೇಲೆ ಒಂಬೈನೂರು. ಹೆಂಡತಿ ಅದನ್ನು ವಾರ್ಡಿಗೆಲ್ಲ ಸಾರಿದಳು. ಆಗ ಡಾಕ್ಟರು, "ನಾಳೆ ಡಯಾಲಿಸಿಸ್ ಬೇಡ" ಎಂದರು.

ಹೆಂಡತಿಯ ಮುಖ ಇಳಿದುಹೋಯಿತು. "ಅಯ್ಯೋ, ಹಂಗೆ ದಿಢೀರ್ ಅಂತ ನಿಲ್ಲಿಸಬ್ಯಾಡ್ರಿ ಮೇಡಂ! ಮಶೀನಿಂದ್ಲೇ ಜೀವ ಐತೆ. ಇನ್ನೆರಡು ಸಲ ಹಾಕಿಬಿಡ್ರಿ, ಗಟ್ಟಿಯಾಗ್ಲಿ."

ಸುರು ಮಾಡಬೇಡಿ ಎಂದು ಕೈ ಮುಗಿದವಳೇ ಈಗ ನಿಲ್ಲಿಸಬೇಡಿ ಎಂದು ಕೈ ಮುಗಿದಿದ್ದಳು. ನಗಬೇಕೆನಿಸಿತು, ಆದರೆ ನನಗೂ ಅದೇ ಭಯ.

"ಮೇಷ್ಟ್ರೇ," ಎಂದರು ಡಾಕ್ಟರು, "ಮಶೀನು ಹಾಕಿದ ಮಾರನೇ ದಿನದ ರಿಪೋರ್ಟು ಮಶೀನಿನ ಮಾರ್ಕ್ಸು. ನಿಮ್ಮದೆಷ್ಟು ಅಂತ ಗೊತ್ತಾಗಬೇಕಾದ್ರೆ ಅದನ್ನ ಪಕ್ಕದಿಂದ ಎಬ್ಬಿಸಲೇಬೇಕು. ಬೇಡದಿದ್ದರೂ ಹಾಕ್ತಾ ಹೋದ್ರೆ ಬಿ.ಪಿ. ಬಿದ್ದು, ಏಳ್ತಿರೋ ಕಿಡ್ನಿಗೇ ಮತ್ತೆ ಪೆಟ್ಟು."

"ಇಷ್ಟು ಮೂತ್ರ ಬಂದರೆ ಖಂಡಿತ ಬಿಡಬಹುದು ಅಂತ ಲೆಕ್ಕ ಇದೆಯಾ?" ಎಂದೆ.

"ಅಂದಾಜಿದೆ, ಗೆರೆ ಇಲ್ಲ. ಬರ್ತಿರೋದು ಬರೀ ನೀರೋ, ಕಸವೂ ಹೋಗ್ತಿದೆಯೋ ಅಂತ ನೋಡಬೇಕು. ಒಂದಿಡೀ ದಿನದ್ದು ಹಿಡಿದು ಕಳಿಸೋಣ. ಕುತ್ತಿಗೆಯ ನಳಿಗೆ ಈಗಲೇ ತೆಗೆಯಲ್ಲ. ನಾನು ತಪ್ಪಿದ್ರೆ ವಾಪಸ್ ಹಾಕ್ತೀನಿ."

ತಪ್ಪಬಹುದು ಎಂದು ಆಕೆ ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನಗೆ ನಾಚಿಕೆಯಾಯಿತು. ನನ್ನ ಇಡೀ ಸರ್ವಿಸಿನಲ್ಲಿ ನಾನು ಹಾಗೆ ಅಂದದ್ದು ನೆನಪಿಲ್ಲ.

ಮೊದಲ ದಿನ, ರಕ್ತದಲ್ಲಿ ಉಳಿದ ಕಸದ ಲೆಕ್ಕ ಹೇಳುವ ಕ್ರಿಯಾಟಿನಿನ್ ನಾಲ್ಕೂಕಾಲು. ಎರಡನೆಯ ದಿನ ನಾಲ್ಕೂಮುಕ್ಕಾಲು. ಹೆಂಡತಿ "ನಾನು ಹೇಳಿರಲಿಲ್ವಾ?" ಎಂದು ಕೂತುಬಿಟ್ಟಳು. ಡಾಕ್ಟರು ಕಾಲಿನ ಬಾವು ಒತ್ತಿ ನೋಡಿದರು, ಉಸಿರು ಕೇಳಿದರು, ಪೊಟ್ಯಾಶಿಯಂ ನೋಡಿದರು. "ಇನ್ನೊಂದು ದಿನ ಕಾಯೋಣ" ಎಂದರು. ಆ ದಿನ ಮಶೀನಿನ ಸದ್ದು ಕೇಳಿಸಿದಾಗಲೆಲ್ಲ ನನಗೆ ಎದ್ದುಹೋಗಿ ಅದರ ಪಕ್ಕ ಮಲಗಬೇಕೆನಿಸುತ್ತಿತ್ತು. ಮೂರನೆಯ ದಿನವೂ ಅಷ್ಟೇ ನಿಂತಿತ್ತು. ನಾಲ್ಕನೆಯ ದಿನ ನಾಲ್ಕಕ್ಕೆ ಇಳಿಯಿತು. ಇಡೀ ದಿನದ್ದು ಹಿಡಿದು ಕಳಿಸಿದ್ದರ ರಿಪೋರ್ಟೂ ಚೆನ್ನಾಗಿತ್ತು. ವಾರದ ಕೊನೆಗೆ ನಳಿಗೆ ತೆಗೆದರು.

ಹೊರಡುವಾಗ ಸಾಹೇಬರ ಹತ್ತಿರ ಹೋದೆ. ಅವರೇ ನನ್ನ ಕೈ ಹಿಡಿದು, "ಹೋಗ್ರಿ ಮೇಷ್ಟ್ರೇ, ಮತ್ತೆ ಈ ಕಡೆ ಬರಬ್ಯಾಡ್ರಿ" ಎಂದು ಕಣ್ಣು ಮುಚ್ಚಿಕೊಂಡರು. ಅವರ ಮಶೀನು ಓಡುತ್ತಲೇ ಇತ್ತು.

ಎಚ್ಚೆತ್ತ ಕಿಡ್ನಿ ಕೆಲವು ದಿನ ಹಿಡಿತವಿಲ್ಲದೆ ನೀರು ಬಿಡುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ಹೊಳಲ್ಕೆರೆ ತಲುಪುವುದರೊಳಗೆ ಎರಡು ಸಲ ಬಸ್ಸು ನಿಲ್ಲಿಸಲು ಹೇಳಬೇಕಾಯಿತು.

"ಏನ್ರಿ ಯಜಮಾನ್ರೇ, ಶುಗರ್ ಐತೇನ್ರಿ?" ಎಂದ ಕಂಡಕ್ಟರು.

ನಾನು ಬಾಯಿ ತೆರೆಯುವುದರೊಳಗೆ ಹೆಂಡತಿ ಬಸ್ಸಿಗೆಲ್ಲ ಕೇಳುವಂತೆ, "ಏನೂ ಇಲ್ಲಪ್ಪ, ಹುಷಾರಾಗ್ಯಾರೆ!" ಎಂದಳು.